ಮೋಟಾರ್‌ಸೈಕಲ್ಲಿನ ಬದಲಿ ಬೋಲ್ಟುಗಳು: ಆಯ್ಕೆ ಮತ್ತು ಜೋಡಣೆ

ಮೋಟಾರ್‌ಸೈಕಲ್ಲಿನಲ್ಲಿ ಕಳೆದುಹೋದ, ತುಂಡಾದ, ತುಕ್ಕು ತಿಂದ, ತಲೆ ಸವೆದ ಅಥವಾ ಥ್ರೆಡ್ ಕೆಟ್ಟ ಮೂಲ ಬೋಲ್ಟಿನ ಸ್ಥಾನದಲ್ಲಿ ಹಾಕುವ ಬೋಲ್ಟನ್ನು ಬದಲಿ ಬೋಲ್ಟ್ ಎನ್ನುತ್ತಾರೆ. ಬೋಲ್ಟಿನ ದಂಡದ ಮೇಲೆ ಸುರುಳಿಯಾಗಿ ಸುತ್ತಿಬಂದಿರುವ ಏಣೇ ಥ್ರೆಡ್; ಇದು ನಟ್ಟಿನೊಳಗಿನ ಅಥವಾ ಎಂಜಿನ್ ಕವಚದ ರಂಧ್ರದೊಳಗಿನ ಅದೇ ಬಗೆಯ ಏಣಿನೊಂದಿಗೆ ಕೂಡಿಕೊಂಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ರಂಧ್ರದೊಳಗೆ ಸುಲಭವಾಗಿ ಹೋಯಿತೆಂಬ ಒಂದೇ ಕಾರಣಕ್ಕೆ ಯಾವ ಬೋಲ್ಟೂ ಯೋಗ್ಯ ಬದಲಿಯಾಗುವುದಿಲ್ಲ. ವ್ಯಾಸ, ಥ್ರೆಡ್‌ಗಳ ಅಂತರ, ಉದ್ದ, ಲೋಹದ ಶಕ್ತಿ, ತಲೆಯ ಆಕಾರ, ಮೇಲ್ಮೈಯ ಲೇಪ ಇವೆಲ್ಲವೂ ಆ ಸ್ಥಾನದ ಕೆಲಸಕ್ಕೆ ಹೊಂದಬೇಕು. ಹೊಂದಿದ ಬೋಲ್ಟನ್ನೂ ತಕ್ಕಷ್ಟು ಬಲದಿಂದಲೇ ಬಿಗಿಯಬೇಕು. ಕಾರಿಗಿಂತ ಹೆಚ್ಚು ಕಂಪಿಸುವ, ಅಲ್ಯೂಮಿನಿಯಂ ಭಾಗಗಳೇ ತುಂಬಿರುವ, ಎರಡೇ ಚಕ್ರಗಳ ಮೇಲೆ ಸವಾರನ ಜೀವವನ್ನು ಹೊತ್ತು ಸಾಗುವ ವಾಹನದಲ್ಲಿ ಈ ನಿಯಮಕ್ಕೆ ವಿಶೇಷ ಮಹತ್ವವಿದೆ.

ಥ್ರೆಡ್ ಮಾನಕಗಳು

ಬೋಲ್ಟುಗಳು ಒಂದಕ್ಕೊಂದು ಬದಲಿಯಾಗಬಲ್ಲವೆಂಬ ಕಲ್ಪನೆಯೇ ಥ್ರೆಡ್‌ಗೆ ಮಾನಕ ಬಂದ ಮೇಲೆ ಸಾಧ್ಯವಾಯಿತು. ಅದಕ್ಕೆ ಮೊದಲು ಪ್ರತಿ ಕಾರ್ಖಾನೆಯೂ ತನಗೆ ತೋಚಿದ ಅಳತೆಯಲ್ಲಿ ಥ್ರೆಡ್ ಕೊರೆಯುತ್ತಿತ್ತು. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಏಣನ್ನೂ, ಪ್ರತಿ ವ್ಯಾಸಕ್ಕೆ ಒಂದು ಅಂಗುಲದಲ್ಲಿ ಎಷ್ಟು ಥ್ರೆಡ್ ಇರಬೇಕೆಂಬುದನ್ನೂ ಗೊತ್ತುಪಡಿಸಿದ ಪದ್ಧತಿಯನ್ನು ಮಂಡಿಸಿದ. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಕೋನದ ಬೇರೊಂದು ಪದ್ಧತಿಯನ್ನು ಮುಂದಿಟ್ಟ. ಇಂದು ಬಹುತೇಕ ಜಗತ್ತು ಬಳಸುವ ಮೆಟ್ರಿಕ್ ಥ್ರೆಡ್‌ನ ಕೋನವೂ 60 ಡಿಗ್ರಿಯೇ. ಬ್ರಿಟಿಷ್ ಮೋಟಾರ್‌ಸೈಕಲ್ ತಯಾರಕರು ಒರಟಾದ ವಿಟ್‌ವರ್ತ್ ಥ್ರೆಡ್‌ನ ಜೊತೆಗೆ ಅದೇ ಕೋನದ, ಆದರೆ ಹೆಚ್ಚು ಒತ್ತಾದ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಥ್ರೆಡ್ಡನ್ನೂ, ಸೈಕಲ್ ಉದ್ಯಮದಿಂದ ಬಂದ, ಹೆಚ್ಚಿನ ಅಳತೆಗಳಲ್ಲಿ ಅಂಗುಲಕ್ಕೆ 26 ಸುತ್ತುಗಳಿರುವ ಸೈಕಲ್ ಥ್ರೆಡ್ಡನ್ನೂ ಒಂದೇ ಗಾಡಿಯಲ್ಲಿ ಬೆರೆಸಿ ಬಳಸುತ್ತಿದ್ದರು.

ಭಾರತದ ಹಳೆಯ ಬೈಕುಗಳನ್ನು ದುರಸ್ತಿ ಮಾಡುವವರಿಗೆ ಈ ಇತಿಹಾಸ ಇಂದಿಗೂ ದಿನನಿತ್ಯದ ವಿಷಯ. ಇಂಗ್ಲೆಂಡಿನ ರೆಡಿಚ್ ಕಾರ್ಖಾನೆಯ ವಿನ್ಯಾಸವನ್ನು ಆಧರಿಸಿ 1955ರ ನಂತರ ಮದ್ರಾಸಿನಲ್ಲಿ ತಯಾರಾದ ಬುಲೆಟ್ ಮೋಟಾರ್‌ಸೈಕಲ್ಲುಗಳು ಬ್ರಿಟಿಷ್ ಥ್ರೆಡ್‌ಗಳೊಂದಿಗೆ ಆರಂಭವಾಗಿ, ಕಾಲಕ್ರಮದಲ್ಲಿ ಮೆಟ್ರಿಕ್‌ಗೆ ಬದಲಾದವು. ಹಲವು ಕೈ ದಾಟಿ ಬಂದ ಗಾಡಿಯಲ್ಲಿ ಎರಡೂ ಪದ್ಧತಿಯ ಬೋಲ್ಟುಗಳು ಅಕ್ಕಪಕ್ಕದಲ್ಲೇ ಇರುವುದುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳಾದರೋ ಚೆಕೊಸ್ಲೊವಾಕಿಯಾದ ಮೂಲದಿಂದ ಬಂದವಾದ್ದರಿಂದ ಮೊದಲಿನಿಂದಲೂ ಮೆಟ್ರಿಕ್. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100, ಹೀರೋ ಹೋಂಡಾ ಸಿಡಿ 100 ಮೊದಲಾದವುಗಳೊಂದಿಗೆ ಜಪಾನಿನ ಮಾನಕ ಬಂದಿತು. ಅದೂ ಮೆಟ್ರಿಕ್ ಆದರೂ ತಲೆಯ ಗಾತ್ರದಲ್ಲಿಯೂ ಕೆಲವು ಥ್ರೆಡ್‌ಗಳ ಒತ್ತಿನಲ್ಲಿಯೂ ಯುರೋಪಿನ ರೂಢಿಗಿಂತ ಬೇರೆ.

ಬ್ರಿಟಿಷ್ ಮತ್ತು ಮೆಟ್ರಿಕ್ ಬೋಲ್ಟುಗಳನ್ನು ಕಣ್ಣಳತೆಯಲ್ಲಿ ಬೇರ್ಪಡಿಸುವುದು ಕಷ್ಟ. ಅಂಗುಲದ ಹದಿನಾರರಲ್ಲಿ 5 ಭಾಗದಷ್ಟು ವ್ಯಾಸದ ಬೋಲ್ಟ್ 7.94 ಮಿಲಿಮೀಟರ್ ಇದ್ದು, 8 ಮಿಲಿಮೀಟರಿನ ಮೆಟ್ರಿಕ್ ಬೋಲ್ಟಿಗೆ ಅವಳಿಯಂತೆ ಕಾಣುತ್ತದೆ. ಆದರೆ ಇದೇ ಬ್ರಿಟಿಷ್ ವ್ಯಾಸದಲ್ಲಿ ವಿಟ್‌ವರ್ತ್ ಅಂಗುಲಕ್ಕೆ 18, ಬಿಎಸ್‌ಎಫ್ 22, ಸೈಕಲ್ ಥ್ರೆಡ್ 26 ಸುತ್ತು ಹೊಂದಿರುತ್ತದೆ. ಮೆಟ್ರಿಕ್ ಬೋಲ್ಟಿನಲ್ಲಿ ಎರಡು ಏಣುಗಳ ನಡುವಿನ ಅಂತರ 1.25 ಮಿಲಿಮೀಟರ್, ಅಂದರೆ ಅಂಗುಲಕ್ಕೆ ಸುಮಾರು 20 ಸುತ್ತು. ಕಾಲು ಅಂಗುಲದ ವ್ಯಾಸದಲ್ಲಿ ಬಿಎಸ್‌ಎಫ್ ಮತ್ತು ಸೈಕಲ್ ಥ್ರೆಡ್ ಎರಡೂ ಅಂಗುಲಕ್ಕೆ 26 ಸುತ್ತಿನವೇ ಆಗಿದ್ದು, ಕೋನದಲ್ಲಿ ಮಾತ್ರ 55 ಮತ್ತು 60 ಡಿಗ್ರಿಯ ವ್ಯತ್ಯಾಸವಿರುವುದರಿಂದ ಒಂದರೊಳಗೆ ಇನ್ನೊಂದು ತಿರುಗಿ ಕೂರುತ್ತದೆ, ಆದರೆ ಏಣುಗಳ ಅಂಚು ಮಾತ್ರ ತಾಗುವುದರಿಂದ ಬಿಗಿದಾಗ ಸವೆದುಹೋಗುತ್ತದೆ. ಹಳೆಯ ಬುಲೆಟ್‌ನಲ್ಲಿ ಬೋಲ್ಟ್ ಬದಲಿಸುವವರು ಏಣುಗಳ ಅಳತೆ ತೋರಿಸುವ ಥ್ರೆಡ್ ಗೇಜ್ ಇಲ್ಲದೆ ಕೆಲಸಕ್ಕೆ ಕೈಹಾಕಬಾರದೆನ್ನುವುದು ಇದಕ್ಕಾಗಿಯೇ.

ಬೋಲ್ಟ್ ಹಿಡಿಯುವ ಬಗೆ

ಬಿಗಿದ ಬೋಲ್ಟ್ ಒಂದು ಗಡುಸಾದ ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತದೆ. ತಿರುಗಿಸಿದಂತೆಲ್ಲ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ಎಳೆಯುವ ಬಲವೇ ಎರಡು ಭಾಗಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಇದನ್ನು ಹಿಡಿತದ ಬಲ ಎನ್ನಬಹುದು. ಭಾಗಗಳು ಜಾರದಂತೆ ತಡೆಯುವುದು ಹೆಚ್ಚಾಗಿ ಬೋಲ್ಟಿನ ದಂಡವಲ್ಲ, ಈ ಬಲದಿಂದ ಅದುಮಿಕೊಂಡ ಎರಡು ಮೈಗಳ ನಡುವಿನ ಘರ್ಷಣೆ. ಸಾಮಾನ್ಯ ಶಕ್ತಿಯ 8 ಮಿಲಿಮೀಟರ್ ಉಕ್ಕಿನ ಬೋಲ್ಟನ್ನು ಸರಿಯಾಗಿ ಬಿಗಿದಾಗ ಸುಮಾರು 16,000 ನ್ಯೂಟನ್, ಅಂದರೆ ಒಂದೂವರೆ ಟನ್ನಿಗೂ ಮೀರಿದ ತೂಕದಷ್ಟು ಬಲ ಹುಟ್ಟುತ್ತದೆ. ಆ ಬೋಲ್ಟ್ ಹಿಡಿದಿರುವ ದಪ್ಪ 50 ಮಿಲಿಮೀಟರ್ ಇದ್ದರೆ ಅದು ಹಿಗ್ಗುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ.

ಈ ಚಿಕ್ಕ ಸಂಖ್ಯೆಯಿಂದ ದುರಸ್ತಿಯ ಅನೇಕ ನಿಯಮಗಳು ಹೊರಡುತ್ತವೆ. ತಲೆಯ ಕೆಳಗೆ ದಪ್ಪ ಪೇಂಟ್, ಪೌಡರ್ ಕೋಟಿಂಗ್, ಮಣ್ಣು ಅಥವಾ ಹಳೆಯ ಗ್ಯಾಸ್ಕೆಟ್ ಚೂರು ಸಿಕ್ಕಿಕೊಂಡಿದ್ದು, ಓಡಾಟದಲ್ಲಿ ಅದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಅದುಮಿಹೋದರೂ ಹಿಡಿತದ ಬಲದ ಸುಮಾರು ಮೂರನೇ ಒಂದು ಪಾಲು ಮಾಯವಾಗುತ್ತದೆ. ಹಿಡಿತದ ದಪ್ಪ 15 ಮಿಲಿಮೀಟರ್ ಮಾತ್ರ ಇರುವ ಗಿಡ್ಡ ಬೋಲ್ಟಿನಲ್ಲಿ ಒಟ್ಟು ಹಿಗ್ಗೇ ಅಷ್ಟಿರುವುದರಿಂದ ಇಡೀ ಹಿಡಿತವೇ ಹೋಗಿಬಿಡಬಹುದು. ಬ್ರೇಕ್ ಡಿಸ್ಕ್ ಹಿಡಿಯುವ ಗಿಡ್ಡ ಬೋಲ್ಟುಗಳಿಗೆ ತಯಾರಕರು ಅಂಟು ಲೇಪಿಸುವುದು, ಹೊಸದಾಗಿ ಪೇಂಟ್ ಮಾಡಿದ ಚೌಕಟ್ಟಿನ ಬೋಲ್ಟುಗಳನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿದು ನೋಡುವುದು, ಬೋಲ್ಟಿನ ತಲೆ ಕೂರುವ ಜಾಗವನ್ನು ಬರಿಲೋಹಕ್ಕೆ ಕೆರೆದು ಶುಚಿ ಮಾಡುವುದು ಇವೆಲ್ಲದರ ಹಿಂದೆ ಇರುವುದು ಈ ಲೆಕ್ಕವೇ.

ಅಳತೆ ಹಿಡಿಯುವುದು

ಮೆಟ್ರಿಕ್ ಬೋಲ್ಟಿನ ಗಾತ್ರವನ್ನು ಎಂ6, ಎಂ8, ಎಂ10 ಎಂದು ಥ್ರೆಡ್‌ನ ಹೊರವ್ಯಾಸದಿಂದ ಸೂಚಿಸುತ್ತಾರೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಹಿಡಿದರೆ ಎಂ8 ಬೋಲ್ಟ್ 8ಕ್ಕಿಂತ ತುಸು ಕಡಿಮೆ, 7.8 ಅಥವಾ 7.9 ಮಿಲಿಮೀಟರ್ ತೋರಿಸುವುದು ಸಹಜ. ಏಣಿನ ತುದಿಯನ್ನು ಉದ್ದೇಶಪೂರ್ವಕವಾಗಿ ಸ್ವಲ್ಪ ಇಳಿಸಿರುತ್ತಾರೆ. ಎರಡು ಏಣುಗಳ ನಡುವಿನ ಅಂತರವೇ ಪಿಚ್. ಎಂ5ಕ್ಕೆ 0.8, ಎಂ6ಕ್ಕೆ 1.0, ಎಂ8ಕ್ಕೆ 1.25 ಮಿಲಿಮೀಟರ್ ಸಾಮಾನ್ಯ ಪಿಚ್ ಆಗಿದ್ದು ಬೈಕುಗಳಲ್ಲೂ ಇವೇ ಇರುತ್ತವೆ. ತೊಡಕು ಶುರುವಾಗುವುದು ಎಂ10ರಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ10 ಕೇಳಿದರೆ ಕಟ್ಟಡ ಮತ್ತು ಯಂತ್ರಗಳಿಗೆ ಬಳಸುವ 1.5 ಪಿಚ್ಚಿನ ಬೋಲ್ಟನ್ನು ಕೊಡುತ್ತಾರೆ. ಜಪಾನಿ ಮೂಲದ ಬೈಕುಗಳಲ್ಲಿ ಹೆಚ್ಚಾಗಿ ಇರುವುದು 1.25 ಪಿಚ್. ಎಂ12ರಲ್ಲಿ ಅಂಗಡಿಯ ಮಾಲು 1.75, ಬೈಕಿನದು ಸಾಮಾನ್ಯವಾಗಿ 1.25 ಅಥವಾ 1.5. ತಪ್ಪು ಪಿಚ್ಚಿನ ಬೋಲ್ಟ್ ಎರಡು ಮೂರು ಸುತ್ತು ಕೈಯಲ್ಲೇ ಹೋಗಿ ಆಮೇಲೆ ಬಿಗಿಯಾಗುತ್ತದೆ; ಆ ಬಿಗಿಯನ್ನು ತುಕ್ಕೆಂದು ಭಾವಿಸಿ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ರಂಧ್ರದ ಥ್ರೆಡ್ ಪೂರ್ತಿ ಕಿತ್ತುಬರುತ್ತದೆ.

ಪಿಚ್ ತಿಳಿಯಲು ಹಲ್ಲುಗಳಿರುವ ತೆಳು ತಗಡುಗಳ ಥ್ರೆಡ್ ಗೇಜ್ ಅಗ್ಗದ, ನಂಬಬಹುದಾದ ಸಾಧನ. ಅದಿಲ್ಲದಿದ್ದರೆ ಹಳೆಯ ಮತ್ತು ಹೊಸ ಬೋಲ್ಟುಗಳ ಥ್ರೆಡ್‌ಗಳನ್ನು ಒಂದರೊಳಗೊಂದು ಕೂಡಿಸಿ ಬೆಳಕಿಗೆ ಹಿಡಿದು ನೋಡಬೇಕು: ಎರಡೂ ಒಂದೇ ಪಿಚ್ಚಿನವಾಗಿದ್ದರೆ ನಡುವೆ ಬೆಳಕು ತೂರುವುದಿಲ್ಲ. ಮೂಲ ಬೋಲ್ಟ್ ಕಳೆದೇಹೋಗಿದ್ದರೆ ಅದೇ ಕವಚದ ಪಕ್ಕದ ರಂಧ್ರದಿಂದ ಒಂದನ್ನು ಬಿಚ್ಚಿ ಮಾದರಿಯಾಗಿ ಇಟ್ಟುಕೊಳ್ಳುವುದು ಉತ್ತಮ.

ಉದ್ದವನ್ನು ತಲೆಯ ಕೆಳಗಿನಿಂದ ತುದಿಯವರೆಗೆ ಅಳೆಯುತ್ತಾರೆ. ತಲೆ ಲೋಹದೊಳಗೆ ಮುಳುಗಿ ಕೂರುವ ಕೌಂಟರ್‌ಸಂಕ್ ಬೋಲ್ಟಿನಲ್ಲಿ ಮಾತ್ರ ತಲೆಯೂ ಸೇರಿ ಪೂರ್ತಿ ಉದ್ದ ಲೆಕ್ಕಕ್ಕೆ ಬರುತ್ತದೆ. ಬೋಲ್ಟ್ ಗಿಡ್ಡವಾದರೆ ಕೆಲವೇ ಏಣುಗಳ ಮೇಲೆ ಎಲ್ಲ ಭಾರ ಬೀಳುತ್ತದೆ. ಉಕ್ಕಿನ ರಂಧ್ರದಲ್ಲಿ ಕನಿಷ್ಠ ಬೋಲ್ಟಿನ ವ್ಯಾಸದಷ್ಟು, ಅಲ್ಯೂಮಿನಿಯಂನಲ್ಲಿ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳಕ್ಕೆ ಥ್ರೆಡ್ ಕೂಡಿಕೊಳ್ಳಬೇಕೆಂಬುದು ವಿನ್ಯಾಸಕಾರರ ರೂಢಿ. ಕೈಯಿಂದ ತಿರುಗಿಸುವಾಗ ಸುತ್ತು ಎಣಿಸಿ ಪಿಚ್ಚಿನಿಂದ ಗುಣಿಸಿದರೆ ಆಳ ಗೊತ್ತಾಗುತ್ತದೆ. ಎಂ6 ಬೋಲ್ಟ್ ಅಲ್ಯೂಮಿನಿಯಂ ಕವಚದಲ್ಲಿ ಕೂರುವ ಮೊದಲು ಒಂಬತ್ತು ಹತ್ತು ಪೂರ್ಣ ಸುತ್ತು ತಿರುಗಲೇಬೇಕು. ಉದ್ದ ಹೆಚ್ಚಾದರೆ ಬೇರೆ ಬಗೆಯ ಹಾನಿ. ಆರಪಾರವಿಲ್ಲದ ರಂಧ್ರದ ತಳಕ್ಕೆ ತುದಿ ತಾಗಿದಾಗ ಬೋಲ್ಟ್ ಬಿಗಿಯಾದಂತೆ ಅನಿಸಿದರೂ ಭಾಗ ಸಡಿಲವಾಗಿಯೇ ಇರುತ್ತದೆ, ಇನ್ನೂ ತಿರುಗಿಸಿದರೆ ತಳ ಒಡೆಯುತ್ತದೆ. ಅಂಥ ರಂಧ್ರದಲ್ಲಿ ಎಣ್ಣೆ ನಿಂತಿದ್ದರೂ ಅದೇ ಫಲ: ಹೊರಹೋಗಲು ದಾರಿಯಿಲ್ಲದ ಎಣ್ಣೆಯ ಒತ್ತಡಕ್ಕೆ ಎರಕದ ಗೋಡೆ ಸೀಳುತ್ತದೆ.

ಕ್ಲಚ್ ಕವರ್, ಮ್ಯಾಗ್ನೆಟ್ ಕವರ್‌ಗಳಲ್ಲಿ ಒಂದೇ ವ್ಯಾಸದ ಆದರೆ ಮೂರು ನಾಲ್ಕು ಉದ್ದಗಳ ಬೋಲ್ಟುಗಳಿರುತ್ತವೆ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಿಚ್ಚಿದ ಪ್ರತಿ ಬೋಲ್ಟನ್ನು ಅದರದೇ ಸ್ಥಾನದಲ್ಲಿ ಚುಚ್ಚಿಡುವ ಮೆಕ್ಯಾನಿಕ್ಕರ ಪದ್ಧತಿ ಯಾವ ಉಪಕರಣಕ್ಕೂ ಕಡಿಮೆಯದಲ್ಲ. ಮರಳಿ ಹಾಕುವಾಗ, ಬಿಗಿಯುವ ಮೊದಲು ಎಲ್ಲವನ್ನೂ ರಂಧ್ರದಲ್ಲಿ ಇಳಿಬಿಟ್ಟು ನೋಡಿದರೆ ತಲೆಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಂತಿರಬೇಕು. ಒಂದು ಎದ್ದು ಇನ್ನೊಂದು ಕುಸಿದಿದ್ದರೆ ಅವೆರಡು ಅದಲುಬದಲಾಗಿವೆ ಎಂದರ್ಥ.

ತಯಾರಕರ ಬಿಡಿಭಾಗ ಪಟ್ಟಿ ಕೈಗೆ ಸಿಕ್ಕರೆ ಅಳತೆಯ ಕೆಲಸವೇ ಬೇಡ. ಹೋಂಡಾ ಪಟ್ಟಿಯಲ್ಲಿ 95701-06020 ಎಂಬಂತಹ ಸಂಖ್ಯೆಯಲ್ಲಿ ಅಡ್ಡಗೆರೆಯ ನಂತರದ ಐದಂಕಿಗಳೇ 6 ಮಿಲಿಮೀಟರ್ ವ್ಯಾಸ, 20 ಮಿಲಿಮೀಟರ್ ಉದ್ದ ಎಂದು ಹೇಳುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗ ಪೇಟೆಗಳಲ್ಲಿ ಮೂಲ ಕಂಪನಿಯ ಪೊಟ್ಟಣದ ಬೋಲ್ಟ್ ಸಿಗುವುದಾದರೆ, ಮುಖ್ಯ ಸ್ಥಾನಗಳಿಗೆ ಅದನ್ನೇ ಕೊಳ್ಳುವುದು ವಿವೇಕ. ಬಿಡಿ ಬೋಲ್ಟಿನೊಂದಿಗೆ ಹೋಲಿಸಿದರೆ ಅದರ ಬೆಲೆ ಹೆಚ್ಚೆನಿಸಿದರೂ ವ್ಯಾಸ, ಪಿಚ್, ಶಕ್ತಿ, ಲೇಪ ಎಲ್ಲವನ್ನೂ ಅದೊಂದೇ ಖಾತರಿಪಡಿಸುತ್ತದೆ.

ಶಕ್ತಿವರ್ಗ ಮತ್ತು ಲೋಹ

ಉಕ್ಕಿನ ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಎಂಬಂತೆ ಒತ್ತಿರುವ ಅಂಕಿಗಳು ಅದರ ಶಕ್ತಿವರ್ಗವನ್ನು ಹೇಳುತ್ತವೆ. ಭಾರತದಲ್ಲಿ ಐಎಸ್ 1367 ಎಂಬ ಮಾನಕ ಇದನ್ನು ಗೊತ್ತುಪಡಿಸುತ್ತದೆ. ಚುಕ್ಕೆಗೆ ಮೊದಲಿನ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ ಬೋಲ್ಟ್ ತುಂಡಾಗುವ ಮೊದಲು ತಾಳುವ ಎಳೆತ ಮೆಗಾಪಾಸ್ಕಲ್‌ಗಳಲ್ಲಿ ಸಿಗುತ್ತದೆ. ಚುಕ್ಕೆಯ ನಂತರದ ಅಂಕಿ, ಆ ಎಳೆತದ ಹತ್ತರಲ್ಲಿ ಎಷ್ಟು ಪಾಲಿಗೆ ಬೋಲ್ಟ್ ಮರಳಿ ಕುಗ್ಗದಂತೆ ಶಾಶ್ವತವಾಗಿ ಉದ್ದವಾಗತೊಡಗುತ್ತದೆ ಎಂಬುದನ್ನು ತೋರಿಸುತ್ತದೆ. ಹಾಗಾಗಿ 8.8 ವರ್ಗದ ಬೋಲ್ಟ್ 800 ಮೆಗಾಪಾಸ್ಕಲ್‌ಗೆ ತುಂಡಾಗುತ್ತದೆ, 640ಕ್ಕೆ ಹಿಗ್ಗಿ ಉಳಿಯುತ್ತದೆ. ಅಂಕಿಯೇ ಇಲ್ಲದ ಅಗ್ಗದ ಬೋಲ್ಟುಗಳು 4.6 ವರ್ಗದ ಮೆದು ಉಕ್ಕಿನವಾಗಿರುವ ಸಂಭವ ಹೆಚ್ಚು; ನಂಬರ್‌ಪ್ಲೇಟ್, ಮಡ್‌ಗಾರ್ಡ್‌ನಂತಹ ಕಡೆ ಅವು ನಡೆಯುತ್ತವೆಯೇ ಹೊರತು ಎಂಜಿನ್ ಹಿಡಿಕೆಗೂ ಬ್ರೇಕಿಗೂ ಅಲ್ಲ. ನಟ್ಟಿನ ಶಕ್ತಿವರ್ಗವೂ ಬೋಲ್ಟಿನದಕ್ಕೆ ಸಮನಾಗಿರಬೇಕು, 8.8ರ ಬೋಲ್ಟಿಗೆ 8ರ ನಟ್, 10.9ಕ್ಕೆ 10ರ ನಟ್.

ಹೆಚ್ಚಿನ ಅಂಕಿಯ ಬೋಲ್ಟ್ ಎಲ್ಲ ಕಡೆಯೂ ಹೆಚ್ಚು ಸುರಕ್ಷಿತವೆಂಬ ನಂಬಿಕೆ ಸರಿಯಲ್ಲ. ಅಲ್ಯೂಮಿನಿಯಂ ಕವಚದ ಥ್ರೆಡ್ 8.8ರ ಬೋಲ್ಟಿಗಿಂತಲೇ ದುರ್ಬಲವಾಗಿರುವಾಗ ಅಲ್ಲಿಗೆ 12.9 ಹಾಕಿದರೆ ಬರುವ ಲಾಭವೇನೂ ಇಲ್ಲ. ಅಲೆನ್ ಕೀಯಿಂದ ತಿರುಗಿಸುವ ಕಪ್ಪು ಬಣ್ಣದ ಸಿಲಿಂಡರ್ ತಲೆಯ ಬೋಲ್ಟುಗಳು ಹೆಚ್ಚಾಗಿ 12.9 ವರ್ಗದವು; ಇವುಗಳ ಅಂದಕ್ಕೆ ಮನಸೋತು ಬೆಳ್ಳಗಿನ ಪ್ಲೇಟಿಂಗ್ ಮಾಡಿಸುವವರು ತಿಳಿಯಬೇಕಾದ ಅಪಾಯವೊಂದಿದೆ. ಪ್ಲೇಟಿಂಗಿಗೆ ಮೊದಲು ಆಮ್ಲದಲ್ಲಿ ತೊಳೆಯುವಾಗಲೂ ವಿದ್ಯುತ್ ಹಾಯಿಸಿ ಲೇಪಿಸುವಾಗಲೂ ಹೈಡ್ರೋಜನ್ ಪರಮಾಣುಗಳು ಉಕ್ಕಿನೊಳಗೆ ಸೇರುತ್ತವೆ. ಮೆದು ಉಕ್ಕಿಗೆ ಇದರಿಂದ ತೊಂದರೆಯಿಲ್ಲ, ಆದರೆ 12.9ರಷ್ಟು ಗಡುಸಾದ ಉಕ್ಕು ಹೈಡ್ರೋಜನ್ ಸೇರಿ ಪೆಡಸಾಗುತ್ತದೆ. ಬಿಗಿದ ಕೆಲವು ಗಂಟೆ ಅಥವಾ ದಿನಗಳ ಮೇಲೆ, ಗಾಡಿ ನಿಂತಲ್ಲೇ ಇದ್ದರೂ, ತಲೆ ಕಳಚಿ ಬೀಳಬಹುದು. ಕಾರ್ಖಾನೆಗಳು ಪ್ಲೇಟಿಂಗಾದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಈ ಅನಿಲವನ್ನು ಹೊರಹಾಕುತ್ತವೆ. ರಸ್ತೆಬದಿಯ ಪ್ಲೇಟಿಂಗ್ ಅಂಗಡಿಯಲ್ಲಿ ಆ ಹಂತ ನಡೆಯಿತೆಂದು ನಂಬುವಂತಿಲ್ಲವಾದ್ದರಿಂದ ಬ್ರೇಕ್, ಹ್ಯಾಂಡಲ್, ಚಕ್ರಗಳ ಬೋಲ್ಟುಗಳನ್ನು ಅಲ್ಲಿಗೆ ಕೊಡಬಾರದು.

ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬೋಲ್ಟುಗಳು ಕಾರವಾರ, ಮಂಗಳೂರಿನಂತಹ ಕಡಲಂಚಿನ ಊರುಗಳಲ್ಲಿ ಸಹಜವಾಗಿಯೇ ಜನಪ್ರಿಯ. ಅಂಗಡಿಗಳಲ್ಲಿ ಸಿಗುವುದು ಮುಖ್ಯವಾಗಿ ಎ2-70 ಎಂದು ಗುರುತಿಸಿದ 304 ದರ್ಜೆಯದು. ಉಪ್ಪಿನ ಗಾಳಿಯನ್ನು ಇನ್ನೂ ಚೆನ್ನಾಗಿ ತಾಳುವುದು ಎ4 ಎಂದು ಗುರುತಿಸಿದ 316 ದರ್ಜೆಯದು. ಎ2-70 ಬೋಲ್ಟ್ 700 ಮೆಗಾಪಾಸ್ಕಲ್‌ಗೆ ತುಂಡಾಗುತ್ತದೆ, 450ಕ್ಕೇ ಹಿಗ್ಗತೊಡಗುತ್ತದೆ. ಅಂದರೆ ಹೊಳಪಿನಲ್ಲಿ ಮುಂದಿದ್ದರೂ ಶಕ್ತಿಯಲ್ಲಿ ಅದು 8.8ರ ಉಕ್ಕಿಗಿಂತ ಸ್ಪಷ್ಟವಾಗಿ ಕೆಳಗೆ. ಕವರ್, ಪ್ಯಾನಲ್, ಇಂಡಿಕೇಟರ್‌ಗಳಿಗೆ ಅದು ಒಪ್ಪುತ್ತದೆ, ಬ್ರೇಕ್ ಕ್ಯಾಲಿಪರ್ ಹಿಡಿಯುವ ಬೋಲ್ಟಿಗೆ ಒಪ್ಪುವುದಿಲ್ಲ. ಜೊತೆಗೆ ಎರಡು ದೋಷಗಳಿವೆ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನೇ ಒಣದಾಗಿ ವೇಗವಾಗಿ ತಿರುಗಿಸಿದರೆ ಥ್ರೆಡ್‌ಗಳು ಉಜ್ಜಿ ಒಂದಕ್ಕೊಂದು ಬೆಸೆದುಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಲ್ಲುತ್ತವೆ. ಇನ್ನು ಅಲ್ಯೂಮಿನಿಯಂನೊಂದಿಗೆ ಸ್ಟೇನ್‌ಲೆಸ್ ಕೂಡಿ ನಡುವೆ ಉಪ್ಪುನೀರು ಸೇರಿದಾಗ ವಿದ್ಯುತ್ ಕೋಶದಂತಹ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗಿ ಥ್ರೆಡ್ಡನ್ನು ಕಚ್ಚಿಹಿಡಿಯುತ್ತದೆ. ಎರಡಕ್ಕೂ ಪರಿಹಾರ ಥ್ರೆಡ್‌ಗೆ ಆ್ಯಂಟಿ-ಸೀಜ್ ಪೇಸ್ಟ್ ತೆಳುವಾಗಿ ಸವರುವುದು.

ಟೈಟೇನಿಯಂ ಬೋಲ್ಟ್ ಉಕ್ಕಿನ ತೂಕದ ಸುಮಾರು ಅರ್ಧಕ್ಕಿಂತ ತುಸು ಹೆಚ್ಚು ತೂಗುತ್ತದೆ, ಬೆಲೆ ಬಹಳ. ರೇಸಿಂಗ್ ಗಾಡಿಗಳಿಗೆ ಅದರಿಂದ ಪ್ರಯೋಜನವಿದೆ. ಬಣ್ಣದ ಅಲ್ಯೂಮಿನಿಯಂ ಬೋಲ್ಟುಗಳು ಅಲಂಕಾರಕ್ಕಷ್ಟೇ.

ತಲೆಯ ಬಗೆ

ಬೋಲ್ಟಿನ ತಲೆಯ ಅಗಲ ಅದರ ಶಕ್ತಿಯನ್ನಾಗಲಿ ವ್ಯಾಸವನ್ನಾಗಲಿ ಖಚಿತವಾಗಿ ಹೇಳುವುದಿಲ್ಲ. ಎಂ8 ಬೋಲ್ಟಿಗೆ ಯುರೋಪಿನ ರೂಢಿಯಲ್ಲಿ 13ರ ಸ್ಪ್ಯಾನರ್, ಜಪಾನಿನದರಲ್ಲಿ 12ರದು. ಎಂ10ಕ್ಕೆ ಹಾರ್ಡ್‌ವೇರ್ ಅಂಗಡಿಯ ಬೋಲ್ಟಿನಲ್ಲಿ 17 ಅಥವಾ 16, ಜಪಾನಿ ಬೈಕಿನಲ್ಲಿ 14. ಇಕ್ಕಟ್ಟಾದ ಜಾಗದಲ್ಲಿ ದೊಡ್ಡ ತಲೆಯ ಬದಲಿ ಬೋಲ್ಟಿಗೆ ಸಾಕೆಟ್ ಹೋಗುವುದೇ ಇಲ್ಲ. ತಲೆಯ ಬುಡದಲ್ಲೇ ಅಗಲವಾದ ಅಂಚು ಇರುವ ಫ್ಲೇಂಜ್ ಬೋಲ್ಟಿನ ಜಾಗಕ್ಕೆ ಸಾದಾ ಬೋಲ್ಟ್ ಹಾಕುವುದಾದರೆ ಗಟ್ಟಿ ವಾಷರ್ ಕೂಡಿಸಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ ಮೈಯಲ್ಲಿ ತಲೆ ಇಳಿದುಹೋಗುತ್ತದೆ. ಗುಂಡಿಯಂತೆ ಚಪ್ಪಟೆಯಾದ ತಲೆಯ ಅಲೆನ್ ಬೋಲ್ಟ್ ನೋಡಲು ಚೆಂದ, ಆದರೆ ಅದರ ಕೀ ಕೂರುವ ಕುಳಿ ಆಳವಿಲ್ಲದ್ದು. ಹೆಚ್ಚು ಬಿಗಿ ಬೇಕಾದ ಕಡೆ ಅದಕ್ಕೆ ಸ್ಥಾನವಿಲ್ಲ.

ಹಳೆಯ ಜಪಾನಿ ಬೈಕುಗಳ ಎಂಜಿನ್ ಕವರಿನಲ್ಲಿರುವ, ತಲೆಯಲ್ಲಿ ಕೂಡು ಚಿಹ್ನೆಯ ಆಕಾರದ ಕುಳಿಯಿರುವ ಸ್ಕ್ರೂಗಳು ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ. ಜಪಾನಿ ಮಾನಕದ ಕುಳಿಗೆ ಅದೇ ಮಾನಕದ ಸ್ಕ್ರೂಡ್ರೈವರ್ ಬೇಕು, ಇಲ್ಲವೆ ಸುತ್ತಿಗೆಯಿಂದ ಹೊಡೆದಾಗ ಒಳಕ್ಕೆ ಒತ್ತುತ್ತಲೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಕುಳಿ ಕೆಟ್ಟ ಅಂಥ ಸ್ಕ್ರೂಗಳ ಬದಲಿಗೆ ಅದೇ ಎಂ6 ಅಳತೆಯ ಅಲೆನ್ ಬೋಲ್ಟುಗಳ ಗುಂಪನ್ನು ಹಾಕುವುದು ಎಲ್ಲೆಡೆ ಪ್ರಚಲಿತವಾದ, ಒಳ್ಳೆಯ ಸುಧಾರಣೆ. ಒಂದೇ ಎಚ್ಚರಿಕೆಯೆಂದರೆ ಅಲೆನ್ ಕೀ ಕೊಡುವ ಹಿಡಿತ ಹಳೆಯ ಸ್ಕ್ರೂಡ್ರೈವರಿನದಕ್ಕಿಂತ ಬಹಳ ಹೆಚ್ಚಾದ್ದರಿಂದ ಅತಿಯಾಗಿ ಬಿಗಿಯುವ ಪ್ರಲೋಭನೆಯೂ ಹೆಚ್ಚು.

ವಿಶೇಷ ಸ್ಥಾನಗಳು

ಕೆಲವು ಬೋಲ್ಟುಗಳಿಗೆ ಅಂಗಡಿಯ ಸಾಮಾನ್ಯ ಬೋಲ್ಟ್ ಯಾವತ್ತೂ ಬದಲಿಯಾಗದು. ಬ್ರೇಕ್ ಎಣ್ಣೆಯ ಪೈಪನ್ನು ಕ್ಯಾಲಿಪರಿಗೆ ಜೋಡಿಸುವ ಬ್ಯಾಂಜೋ ಬೋಲ್ಟ್ ಒಳಗೆ ಟೊಳ್ಳಾಗಿದ್ದು, ಎಣ್ಣೆ ಅದರೊಳಗಿಂದಲೇ ಹರಿಯುತ್ತದೆ, 1.0 ಮತ್ತು 1.25 ಎಂಬ ಎರಡು ಪಿಚ್ಚುಗಳಲ್ಲಿ ಸಿಗುವ ಇದನ್ನು ಗೇಜ್ ಹಿಡಿಯದೆ ಕೊಳ್ಳಬಾರದು, ಅದರ ಎರಡೂ ಬದಿಯ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರುಗಳನ್ನು ಬಿಚ್ಚಿದಾಗಲೆಲ್ಲ ಬದಲಿಸಬೇಕು. ಚಕ್ರದ ಆ್ಯಕ್ಸಲ್, ಸ್ವಿಂಗ್‌ಆರ್ಮ್ ದಂಡ, ಸೈಡ್ ಸ್ಟ್ಯಾಂಡ್ ಮತ್ತು ಲಿವರ್‌ಗಳ ಮೆಟ್ಟಿಲು ಬೋಲ್ಟುಗಳು ಥ್ರೆಡ್ ಇಲ್ಲದ ನಯವಾದ ಭಾಗದ ಮೇಲೆ ಇನ್ನೊಂದು ಭಾಗ ತಿರುಗುವಂತೆ ಅಳೆದು ಮಾಡಿದವು. ಲೇತ್ ಅಂಗಡಿಯಲ್ಲಿ ಮೆದು ಉಕ್ಕಿನ ಸರಳಿನಿಂದ ಇವುಗಳ ನಕಲು ಮಾಡಿಸುವ ರೂಢಿ ಸಣ್ಣ ಊರುಗಳಲ್ಲಿದೆ. ಅಳತೆ ಕರಾರುವಾಕ್ಕಾಗಿದ್ದರೂ ಹದಕೊಡದ ಉಕ್ಕಿನ ಆ್ಯಕ್ಸಲ್ ಬಾಗುವ ಅಪಾಯವಿರುವುದರಿಂದ ಈ ರೂಢಿಯನ್ನು ಬಿಡುವುದೇ ಸರಿ.

ಎಂಜಿನನ್ನು ಚೌಕಟ್ಟಿಗೆ ಹಿಡಿಯುವ ಬೋಲ್ಟುಗಳಲ್ಲಿ ಅಂಗಡಿಯವರು ಹಾಫ್ ಥ್ರೆಡ್, ಫುಲ್ ಥ್ರೆಡ್ ಎಂದು ಕರೆಯುವ ಭೇದ ಮುಖ್ಯವಾಗುತ್ತದೆ. ಎರಡು ತಗಡುಗಳು ಒಂದರ ಮೇಲೊಂದು ಜಾರಲು ಯತ್ನಿಸುವ ಗಡಿಯಲ್ಲಿ ಬೋಲ್ಟಿನ ನಯವಾದ ದಂಡ ಇರಬೇಕು. ಪೂರ್ತಿ ಥ್ರೆಡ್ ಇರುವ ಬೋಲ್ಟಿನಲ್ಲಿ ಅಲ್ಲಿ ಏಣಿನ ತಗ್ಗು ಬಂದು, ಅದೇ ಬಿರುಕಿನ ಮೂಲವಾಗುತ್ತದೆ. ಸೈಲೆನ್ಸರ್ ಬೆಂಡನ್ನು ಸಿಲಿಂಡರಿಗೆ ಹಿಡಿಯುವ ಸ್ಟಡ್‌ಗಳಿಗೆ ಹಿತ್ತಾಳೆ ಅಥವಾ ತಾಮ್ರ ಲೇಪಿತ ನಟ್ ಹಾಕಿದರೆ ಕಾದು ಕಚ್ಚಿಕೊಳ್ಳುವುದು ಕಡಿಮೆ. ಯಮಾಹಾ ಗಾಡಿಗಳ ಬಲಗಡೆಯ ಕನ್ನಡಿಯ ಥ್ರೆಡ್ ಹೆಚ್ಚಾಗಿ ಎಡಸುತ್ತಿನದು, ಅಂದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದನ್ನರಿಯದೆ ಮುರಿದವುಗಳಿಗೆ ಲೆಕ್ಕವಿಲ್ಲ.

ಹಲವು ಸಿಲಿಂಡರಿನ ದೊಡ್ಡ ಬೈಕುಗಳ ಕನೆಕ್ಟಿಂಗ್ ರಾಡ್ ಬೋಲ್ಟುಗಳನ್ನು ಬೇಕೆಂದೇ ಶಾಶ್ವತವಾಗಿ ಹಿಗ್ಗುವ ಅಂಚಿನವರೆಗೆ ಬಿಗಿಯುತ್ತಾರೆ; ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕು. ಒತ್ತಿ ಕೂಡಿಸಿದ ಕ್ರ್ಯಾಂಕ್ ಇರುವ ಒಂಟಿ ಸಿಲಿಂಡರಿನ ಸಾಮಾನ್ಯ ಬೈಕುಗಳಲ್ಲಿ ಈ ಬೋಲ್ಟುಗಳೇ ಇಲ್ಲ.

ಬಿಗಿಯುವ ಕ್ರಮ

ಟಾರ್ಕ್, ಅಂದರೆ ತಿರುಚುವ ಬಲ, ಬೋಲ್ಟನ್ನು ಹಿಗ್ಗಿಸಲು ಬಳಸುವ ಪರೋಕ್ಷ ಸಾಧನ ಮಾತ್ರ. ಸ್ಪ್ಯಾನರಿಗೆ ಹಾಕಿದ ಬಲದಲ್ಲಿ ಸುಮಾರು ಅರ್ಧ ತಲೆಯ ಕೆಳಗಿನ ಘರ್ಷಣೆಗೆ, ನೂರಕ್ಕೆ ನಲವತ್ತು ಥ್ರೆಡ್‌ನ ಘರ್ಷಣೆಗೆ ಹೋಗಿ, ಹಿಡಿತದ ಬಲವಾಗಿ ಉಳಿಯುವುದು ಹತ್ತರಲ್ಲೊಂದು ಪಾಲು. ಆದ್ದರಿಂದ ಘರ್ಷಣೆಯಲ್ಲಾಗುವ ಸಣ್ಣ ಬದಲಾವಣೆಯೂ ಫಲಿತಾಂಶವನ್ನು ಬಹಳವಾಗಿ ಬದಲಿಸುತ್ತದೆ. ಕೈಪಿಡಿಯಲ್ಲಿ ಒಣ ಬೋಲ್ಟಿಗೆ ಹೇಳಿದ ಟಾರ್ಕನ್ನು ಎಣ್ಣೆ ಸವರಿದ ಬೋಲ್ಟಿಗೂ ಹಾಕಿದರೆ ಹಿಡಿತದ ಬಲ ಮೂರನೇ ಒಂದರಷ್ಟು ಏರಿ ಬೋಲ್ಟ್ ಹಿಗ್ಗಿಯೇ ಬಿಡಬಹುದು. ತುಕ್ಕು ಹಿಡಿದ ಬೋಲ್ಟಿನಲ್ಲಿ ಅದೇ ಟಾರ್ಕ್ ಅರೆಬಿಗಿಯನ್ನಷ್ಟೇ ಕೊಡುತ್ತದೆ.

ಉಕ್ಕಿನಲ್ಲಿ ಉಕ್ಕು ಕೂಡುವ 8.8ರ ಒಣ ಬೋಲ್ಟುಗಳಿಗೆ ಸ್ಥೂಲವಾಗಿ ಎಂ6ಕ್ಕೆ 10, ಎಂ8ಕ್ಕೆ 25, ಎಂ10ಕ್ಕೆ 50 ನ್ಯೂಟನ್-ಮೀಟರ್ ಎನ್ನಬಹುದಾದರೂ ಗಾಡಿಯ ಕೈಪಿಡಿ ಹೇಳುವ ಅಂಕಿಯೇ ಅಂತಿಮ. ಎಂ6ಕ್ಕೆ ಬೇಕಾದ 10 ನ್ಯೂಟನ್-ಮೀಟರ್ ಎಂದರೆ 10 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಗೆ 10 ಕಿಲೋ ತೂಕ ನೇತುಹಾಕಿದಷ್ಟು ಮಾತ್ರ. ಉದ್ದನೆಯ ಟಿ ಸ್ಪ್ಯಾನರಿನಲ್ಲಿ ಎರಡೂ ಕೈ ಹಾಕುವವನಿಗೆ ಇದು ಏನೂ ಅಲ್ಲದ ಬಲ. ಎಂಜಿನ್ ಕವಚಗಳ ಥ್ರೆಡ್ ಹೋಗುವುದರ ಮುಖ್ಯ ಕಾರಣ ಇದೇ. ಎಣ್ಣೆ ಬಿಡುವ ಡ್ರೈನ್ ಬೋಲ್ಟಿನಲ್ಲಂತೂ ಪ್ರತಿ ಸರ್ವಿಸಿನಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚು ಬಿಗಿಯುತ್ತ ಹೋಗಿ ಕೊನೆಗೊಂದು ದಿನ ತಳದ ಥ್ರೆಡ್ ಕೈಗೆ ಬರುತ್ತದೆ. ಸೋರಿಕೆ ತಡೆಯುವುದು ಬಿಗಿಯಲ್ಲ, ಹೊಸ ವಾಷರ್.

ಪ್ರತಿ ಬೋಲ್ಟನ್ನೂ ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಬೇಕು. ಓರೆಯಾಗಿ ಕೂರದಂತೆ, ಮೊದಲು ಅರೆಸುತ್ತು ಹಿಂದಕ್ಕೆ ತಿರುಗಿಸಿ ಏಣಿನ ಆರಂಭ ಕಳಚಿ ಬೀಳುವ ಸಣ್ಣ ಸಪ್ಪಳಕ್ಕೆ ಕಾದು ಆಮೇಲೆ ಮುಂದಕ್ಕೆ ತಿರುಗಿಸುವುದು ನುರಿತವರ ಅಭ್ಯಾಸ. ಹಲವು ಬೋಲ್ಟುಗಳಿರುವ ಸಿಲಿಂಡರ್ ಹೆಡ್, ಕವರ್, ಡಿಸ್ಕ್‌ಗಳನ್ನು ಒಂದರ ಎದುರಿನದನ್ನು ಹಿಡಿಯುತ್ತ ಅಡ್ಡಡ್ಡವಾಗಿ, ಎರಡು ಮೂರು ಹಂತಗಳಲ್ಲಿ, ಎಂಜಿನ್ ತಣ್ಣಗಿರುವಾಗ ಬಿಗಿಯಬೇಕು.

ಸಡಿಲಿಕೆಯ ತಡೆ

ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೋಲ್ಟುಗಳು ಸಡಿಲವಾಗುವ ಬಗೆಗಿನ ತಿಳಿವಳಿಕೆಯನ್ನೇ ಬದಲಿಸಿದವು. ಬೋಲ್ಟಿನ ಉದ್ದಕ್ಕೆ ಬೀಳುವ ಕಂಪನಕ್ಕಿಂತ, ಹಿಡಿದ ಭಾಗಗಳು ಅಡ್ಡಕ್ಕೆ ಜಾರುವ ಚಲನೆಯೇ ಅದನ್ನು ಹೆಚ್ಚಾಗಿ ಬಿಚ್ಚುತ್ತದೆ ಎಂದು ಅವನು ತೋರಿಸಿದ. ಅಡ್ಡ ಜಾರಿಕೆಯನ್ನು ತಡೆಯುವುದು ಸಾಕಷ್ಟು ಹಿಡಿತದ ಬಲವೇ ಆದ್ದರಿಂದ ಸರಿಯಾದ ಬಿಗಿಯೇ ಮೊದಲ ರಕ್ಷಣೆ. ಇಂಥ ಪರೀಕ್ಷೆಗಳಲ್ಲಿ, ನಮ್ಮ ಗ್ಯಾರೇಜುಗಳಲ್ಲಿ ಎಲ್ಲಕ್ಕೂ ಹಾಕುವ ಸೀಳಿದ ಸ್ಪ್ರಿಂಗ್ ವಾಷರ್ ಹೇಳಿಕೊಳ್ಳುವಂತಹ ತಡೆಯನ್ನೇನೂ ಒಡ್ಡುವುದಿಲ್ಲ.

ಅಮೆರಿಕದ ವರ್ನನ್ ಕ್ರೀಬಲ್ 1950ರ ದಶಕದಲ್ಲಿ ರೂಪಿಸಿದ, ಲಾಕ್‌ಟೈಟ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಥ್ರೆಡ್ ಅಂಟು ಗಾಳಿಯಿಲ್ಲದೆ ಲೋಹದ ಸಂಪರ್ಕದಲ್ಲಿರುವಾಗ ಗಟ್ಟಿಯಾಗಿ ಏಣುಗಳ ನಡುವಿನ ಸಂದನ್ನು ತುಂಬುತ್ತದೆ. ನೀಲಿ ಬಣ್ಣದ ಮಧ್ಯಮ ದರ್ಜೆಯದನ್ನು ಕೈ ಉಪಕರಣಗಳಿಂದಲೇ ಬಿಚ್ಚಬಹುದು. ಡಿಸ್ಕ್, ಸ್ಪ್ರಾಕೆಟ್ ಮೊದಲಾದವುಗಳಿಗೆ ಅದು ಸಾಕು. ಕೆಂಪಿನದಕ್ಕೆ ಬಿಚ್ಚುವಾಗ ಶಾಖ ಬೇಕು. ಎಣ್ಣೆ ಜಿಡ್ಡನ್ನು ಪೂರ್ತಿ ಒರೆಸಿ ಒಂದೆರಡು ಹನಿ ಹಾಕಬೇಕು. ಪ್ಲಾಸ್ಟಿಕ್ ಪ್ಯಾನಲ್‌ಗಳ ಬಳಿ ಈ ಅಂಟು ಸೋಕಬಾರದು, ಕೆಲವು ಬಗೆಯ ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ. ನೈಲಾನ್ ಬಳೆ ಇರುವ ನೈಲಾಕ್ ನಟ್ಟನ್ನು ಬೆರಳಿನಿಂದಲೇ ಪೂರ್ತಿ ತಿರುಗಿಸಲು ಬಂದರೆ ಅದರ ಆಯುಷ್ಯ ಮುಗಿಯಿತೆಂದು ತಿಳಿದು ಎಸೆಯಬೇಕು, ಸೈಲೆನ್ಸರಿನ ಬಿಸಿಗಂತೂ ಅದು ತಕ್ಕುದಲ್ಲ. ಆ್ಯಕ್ಸಲ್ಲಿನ ಕಿರೀಟದಾಕಾರದ ನಟ್ಟಿಗೆ ಪ್ರತಿ ಬಾರಿಯೂ ಹೊಸ ಸ್ಪ್ಲಿಟ್ ಪಿನ್ ಬೇಕು. ಬಗ್ಗಿಸಿ ನೆಟ್ಟಗೆ ಮಾಡಿದ ಹಳೆಯ ಪಿನ್ ಅದೇ ಮಡಿಕೆಯಲ್ಲಿ ಮುರಿಯುತ್ತದೆ.

ಮುರಿದ ಬೋಲ್ಟ್, ಕೆಟ್ಟ ಥ್ರೆಡ್

ಕಚ್ಚಿಕೊಂಡ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಟ್ಟು, ತಲೆಯ ಮೇಲೆ ನೆಟ್ಟಗೆ ಕೆಲವು ಪೆಟ್ಟು ಕೊಟ್ಟು, ಸುತ್ತಲಿನ ಅಲ್ಯೂಮಿನಿಯಂ ಅನ್ನು ಬಿಸಿ ಗಾಳಿಯಿಂದ ಕಾಯಿಸಿ ಆಮೇಲೆ ತಿರುಗಿಸುವುದು ಕ್ರಮ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ರಂಧ್ರ ಸಡಿಲವಾಗುತ್ತದೆ. ತಲೆ ಮುರಿದು ತುಂಡು ಹೊರಚಾಚಿದ್ದರೆ ಅದಕ್ಕೆ ನಟ್ ವೆಲ್ಡ್ ಮಾಡಿ ತೆಗೆಯುವುದು ಅತ್ಯಂತ ಫಲಕಾರಿ, ಏಕೆಂದರೆ ವೆಲ್ಡಿಂಗಿನ ಶಾಖವೇ ತುಕ್ಕಿನ ಹಿಡಿತವನ್ನು ಬಿಡಿಸುತ್ತದೆ. ರಂಧ್ರದೊಳಗೇ ಮುರಿದಿದ್ದರೆ ನಡುಮಧ್ಯಕ್ಕೆ ಪಂಚ್ ಹೊಡೆದು ಎಡಸುತ್ತಿನ ಡ್ರಿಲ್ ಬಿಟ್ಟಿನಿಂದ ಕೊರೆದರೆ ಹಲವು ಸಲ ತುಂಡು ತಾನೇ ಬಿಚ್ಚಿ ಬರುತ್ತದೆ. ಗಡುಸು ಉಕ್ಕಿನ ಎಕ್ಸ್‌ಟ್ರ್ಯಾಕ್ಟರನ್ನು ಕೊನೆಯ ಉಪಾಯವಾಗಿಯೇ ಬಳಸಬೇಕು. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು.

ರಂಧ್ರದ ಥ್ರೆಡ್ ಹೋಗಿದ್ದರೆ ಒಂದು ಅಳತೆ ಹೆಚ್ಚಿಸಿ ಎಂ6ರ ಜಾಗದಲ್ಲಿ ಎಂ8 ಟ್ಯಾಪ್ ಹೊಡೆಯುವುದು ತಾತ್ಕಾಲಿಕ ಪರಿಹಾರ: ಸುತ್ತಲಿನ ಗೋಡೆ ತೆಳುವಾಗುತ್ತದೆ, ಕವರಿನ ರಂಧ್ರವನ್ನೂ ದೊಡ್ಡದು ಮಾಡಬೇಕಾಗುತ್ತದೆ. ಹೆಲಿಕಾಯಿಲ್ ಎಂಬ ಹೆಸರಿನಿಂದ ಬಳಕೆಯಲ್ಲಿರುವ ಸ್ಟೇನ್‌ಲೆಸ್ ತಂತಿಯ ಸುರುಳಿ ಇದಕ್ಕಿಂತ ಉತ್ತಮ. ಎಂ8ಕ್ಕೆ ಸುಮಾರು 8.3 ಮಿಲಿಮೀಟರಿನ ಡ್ರಿಲ್ಲಿನಿಂದ ನೆಟ್ಟಗೆ ಕೊರೆದು, ಆ ಸುರುಳಿಗೆಂದೇ ಇರುವ ಟ್ಯಾಪ್ ಹೊಡೆದು, ಚೂರುಗಳನ್ನೆಲ್ಲ ಊದಿ ತೆಗೆದು, ಸುರುಳಿಯನ್ನು ಮೇಲ್ಮೈಗಿಂತ ಅರ್ಧ ಸುತ್ತು ಕೆಳಗೆ ಇಳಿಸಿ, ತಳದ ಕೊಂಡಿಯನ್ನು ಮುರಿದು ತೆಗೆದರೆ ಮೂಲ ಅಳತೆಯ ಬೋಲ್ಟನ್ನೇ ಮತ್ತೆ ಹಾಕಬಹುದು. ಅಲ್ಯೂಮಿನಿಯಂನಲ್ಲಿ ಇದು ಹಳೆಯ ಥ್ರೆಡ್‌ಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಆಗಾಗ ಬಿಚ್ಚುವ ಡ್ರೈನ್ ಬೋಲ್ಟಿಗಾದರೆ ತಂತಿ ಸುರುಳಿಗಿಂತ ಗಟ್ಟಿ ಗೋಡೆಯ ಉಕ್ಕಿನ ಬುಷ್ ಒಳಿತು. ಗೋಡೆಯೇ ಸೀಳಿದ್ದ ಪಕ್ಷದಲ್ಲಿ ಎಂಜಿನ್ ಬಿಚ್ಚಿ ಆ ಭಾಗವನ್ನು ಎಣ್ಣೆಯ ಪಸೆಯಿಲ್ಲದಂತೆ ತೊಳೆದು, ಆರ್ಗಾನ್ ವೆಲ್ಡಿಂಗಿನಿಂದ ಅಲ್ಯೂಮಿನಿಯಂ ತುಂಬಿಸಿ, ಗ್ಯಾಸ್ಕೆಟ್ ಕೂರುವ ಮೈಯನ್ನು ಮಟ್ಟಮಾಡಿಸಿ, ಕವರನ್ನೇ ಅಚ್ಚಾಗಿ ಇಟ್ಟುಕೊಂಡು ರಂಧ್ರದ ಸ್ಥಾನವನ್ನು ಗುರುತಿಸಿ ಹೊಸದಾಗಿ ಕೊರೆಯಬೇಕಾಗುತ್ತದೆ.